ನಡುಮನೆಗೆ ಬೆಂಕಿ ಬಂದದ್ದು

ನವೆಂಬರ್ 6, ಗುರುವಾರ

ಆಸ್ಪತ್ರೆಯಿಂದ ಬಿಡುಗಡೆಯಾಯಿತು. ನನ್ನ ಮನೆಗಲ್ಲ, ಮಗಳ ಮನೆಗೆ. ಸೊಂಟದ ಮೂಳೆಗೆ ಮೊಳೆ ಹೊಡೆದ ಡಾಕ್ಟರು ಆರು ವಾರ ಮೆಟ್ಟಿಲು ಹತ್ತಕೂಡದು ಎಂದರು. ನನ್ನ ಮನೆ ಇರುವುದು ಮೂರನೇ ಮಹಡಿಯಲ್ಲಿ. ಆರು ವಾರ ಎಂದರೆ ನಲವತ್ತೆರಡು ದಿನ. ಇವತ್ತಿನದನ್ನು ಕಳೆದರೆ ನಲವತ್ತೊಂದು.

ನೋವಿನ ಮಾತ್ರೆಯ ಪ್ರಭಾವವೋ ಏನೋ, ದಾರಿಯಲ್ಲಿ ಸಿಗ್ನಲ್ಲಿನ ಕೆಂಪು ದೀಪ ಕಂಡರೂ ನಗು ಬರುತ್ತಿತ್ತು. ಮಗಳು ಗಾಬರಿಯಾಗಿ ನರ್ಸಿಗೆ ಫೋನ್ ಮಾಡಿದಳು. "ನಗ್ತಿದಾರಾ? ನಗ್ಲಿ ಬಿಡಿ" ಎಂದಳಂತೆ ನರ್ಸು.

ಮಲಗಲು ಕೊಟ್ಟಿರುವುದು ಪಿಯಾನೋದವನ ಕೆಲಸದ ಕೋಣೆ. ಪಿಯಾನೋದವನು ಎಂದರೆ ನನ್ನ ಅಳಿಯ. ಹಳೆಯ ಪಿಯಾನೋ ರಿಪೇರಿ ಮಾಡುವುದು, ಮನೆಮನೆಗೆ ಹೋಗಿ ಶ್ರುತಿ ಮಾಡುವುದು ಅವನ ಕಸುಬು. ಒಂಬತ್ತು ವರ್ಷದ ಹಿಂದೆ ಮಗಳು ಇವನನ್ನೇ ಮದುವೆಯಾಗುತ್ತೇನೆ ಎಂದಾಗ, "ಊರಿಗೆಲ್ಲ ಎಷ್ಟು ಪಿಯಾನೋ ಇದೆ? ಇಬ್ಬರೂ ಕೂತು ತಂತಿ ತಿಂತೀರಾ?" ಎಂದು ಕೇಳಿದ್ದೆ. ಪಕ್ಕದ ಕೋಣೆಯಲ್ಲಿದ್ದ ಅವನ ಕಿವಿಗೆ ಅದು ಬಿದ್ದಿತ್ತು. ಅವನ ಕಿವಿಗೆ ಬೀಳದ ಮಾತೇ ಇಲ್ಲ. ಎದುರುಮನೆಯಲ್ಲಿ ಚಮಚ ಬಿದ್ದರೆ ಅದು ಯಾವ ಸ್ವರ ಎಂದು ಹೇಳುವ ಜಾತಿ. ಅಂದಿನಿಂದ ನಮ್ಮಿಬ್ಬರ ನಡುವೆ ಬರೀ "ಬನ್ನಿ", "ಕೂತ್ಕೊಳ್ಳಿ", "ಸಾಕು".

ಕೋಣೆಯಲ್ಲಿ ಚಳಿ ಕೊರೆಯುತ್ತಿದೆ. ಎರಡು ಜೊತೆ ಕಾಲುಚೀಲ ಹಾಕಿದ್ದೇನೆ. ಕೈಗೂ ಒಂದು ಜೊತೆ.

ನವೆಂಬರ್ 9, ಭಾನುವಾರ

ಇವತ್ತು ಒಂದು ದೊಡ್ಡ ಪೆಟ್ಟಿಗೆ ಬಂತು. ಗ್ಯಾಸಿನ ಅಗ್ಗಿಷ್ಟಿಕೆ! ಕಬ್ಬಿಣದ ಗೂಡು, ಮುಂದೆ ಗಾಜು, ಒಳಗೆ ಸುಳ್ಳು ಸೌದೆ. ಸೌದೆಯ ತೊಗಟೆ ಎಷ್ಟು ಚೆನ್ನಾಗಿದೆ ಎಂದರೆ ನಾನು ಬೆರಳಿನಿಂದ ಸುಲಿಯಲು ನೋಡಿದೆ. ಅದನ್ನು ನಡುಮನೆಯಲ್ಲಿ ಕೂರಿಸುತ್ತಾರಂತೆ. ನನ್ನ ಕೋಣೆಯ ಬಾಗಿಲು ನಡುಮನೆಗೇ ತೆರೆಯುವುದರಿಂದ ನನಗೂ ಶಾಖ ಬರುತ್ತದೆ.

"ನಿಮಗೋಸ್ಕರಾನೇ ಅತ್ತೆ" ಎಂದ ಪಿಯಾನೋದವನು, ಪೆಟ್ಟಿಗೆಯನ್ನು ನೋಡುತ್ತಾ.

"ಯಾರು ಜೋಡಿಸ್ತಾರೆ?"

"ನಾನೇ. ಗೋಡೆಯಲ್ಲಿ ಹಳೇ ಗ್ಯಾಸ್ ಪೈಪು ಇದೆ, ಬಾಯಿಗೆ ಮುಚ್ಚಳ ಹಾಕಿದಾರೆ. ಮುಚ್ಚಳ ತೆಗೆದು ಸೇರಿಸಿದ್ರೆ ಮುಗೀತು. ಒಂದು ಪಿಯಾನೋದಲ್ಲಿ ಇನ್ನೂರಕ್ಕೂ ಹೆಚ್ಚು ತಂತಿ ಇರತ್ತೆ. ಇದು ಒಂದೇ ಪೈಪು!"

"ತಂತಿ ತಪ್ಪಿದ್ರೆ ಅಪಸ್ವರ ಬರತ್ತೆ. ಪೈಪು ತಪ್ಪಿದ್ರೆ ಸ್ವರ ಎತ್ತೋರೇ ಇರಲ್ಲ" ಎಂದೆ. ಮಗಳು ಬಟ್ಟೆ ಮಡಚುತ್ತಿದ್ದವಳು ಮುಖ ಮುಚ್ಚಿಕೊಂಡು ನಕ್ಕಳು.

ಅವನಿಗೆ ಗೊತ್ತಿಲ್ಲ, ನಾನು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವಳು. ಗೊತ್ತಿದೆ, ಆದರೆ ಸೀಸೆ ತೊಳೆಯುತ್ತಿದ್ದೆ ಎಂದುಕೊಂಡಿದ್ದಾನೆ. ನಲವತ್ತೆಂಟು ಗ್ಯಾಸ್ ಬರ್ನರುಗಳನ್ನು ದಿನಾ ಬೆಳಿಗ್ಗೆ ಮೂಸಿ ನೋಡಿ ಹುಡುಗರನ್ನು ಒಳಗೆ ಬಿಡುತ್ತಿದ್ದವಳು ನಾನು. ಮೂವತ್ತೊಂದು ವರ್ಷದಲ್ಲಿ ಸುಟ್ಟದ್ದು ಒಬ್ಬ ಪ್ರೊಫೆಸರರ ಹುಬ್ಬು ಮಾತ್ರ. ಅದೂ ಅವರ ತಪ್ಪೇ.

ನವೆಂಬರ್ 10, ಸೋಮವಾರ

ಅಗ್ಗಿಷ್ಟಿಕೆಯ ಕೈಪಿಡಿಯನ್ನು ಪಿಯಾನೋದವನು ಅಲುಗಾಡುವ ಸ್ಟೂಲಿನ ಕಾಲ ಕೆಳಗೆ ಒತ್ತುಕೊಟ್ಟಿದ್ದ. ಎಳೆದುಕೊಂಡು ಇಡೀ ಓದಿದೆ. ಎಂಥ ಒಳ್ಳೆಯ ಪುಸ್ತಕ! ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ಲೈಸೆನ್ಸ್ ಇರುವ ಫಿಟ್ಟರ್ ಮಾತ್ರ ಜೋಡಿಸಬೇಕು. ಊಟದ ಹೊತ್ತಿಗೆ ಜೋರಾಗಿ ಓದಿ ಹೇಳಿದೆ. "ಅದು ಎಲ್ಲಾ ಪುಸ್ತಕದಲ್ಲೂ ಬರೀತಾರೆ" ಎಂದು ಪಿಯಾನೋದವನು ತಟ್ಟೆ ಎತ್ತಿಕೊಂಡು ಹೋದ. ಇನ್ನೂ ಊಟ ಮುಗಿದಿರಲಿಲ್ಲ, ಪಾಪ.

ನವೆಂಬರ್ 14, ಶುಕ್ರವಾರ

ಬರೆಯಲೇಬೇಕು, ಕೈ ತುರಿಸುತ್ತಿದೆ.

ಮಧ್ಯಾಹ್ನ ಮಗಳು ಕೆಲಸಕ್ಕೆ ಹೋಗಿದ್ದಳು. ಸಿಟಿ ಬಸ್ಸು ಓಡಿಸುತ್ತಾಳೆ ನನ್ನ ಮಗಳು. ಬಸ್ಸು ನಮ್ಮ ಬೀದಿಯಲ್ಲೇ ಹಾದುಹೋಗುವುದರಿಂದ ಮನೆ ಮುಂದೆ ಎರಡು ಸಲ ಹಾರ್ನ್ ಹೊಡೆಯುತ್ತಾಳೆ. ಪಿಯಾನೋದವನು ಒಲೆಯ ಮೇಲೆ ಹಾಲಿಟ್ಟು, ಪಕ್ಕದಲ್ಲೇ ಕೂತು ಪಿಯಾನೋದ ಪುಟ್ಟ ಸುತ್ತಿಗೆಗಳಿಗೆ ಉಣ್ಣೆ ಅಂಟಿಸುತ್ತಿದ್ದ. ನನಗೆ ಕೋಣೆಯಲ್ಲಿ ಮಲಗಿದ್ದಲ್ಲೇ ಹಾಲು ಸೀದ ವಾಸನೆ ಬಂತು. ವಾಕರ್ ಹಿಡಿದು ಟಕ್ ಟಕ್ ಎಂದು ಅಡುಗೆಮನೆಗೆ ಹೋಗುವಷ್ಟರಲ್ಲಿ ಪಾತ್ರೆ ಕರಿ ಬಣ್ಣಕ್ಕೆ ತಿರುಗಿದೆ, ಇವನು ಶಿಳ್ಳೆ ಹಾಕುತ್ತಾ ಅಂಟು ಹಚ್ಚುತ್ತಿದ್ದಾನೆ!

"ಹಾಲು!" ಎಂದೆ.

"ಅಯ್ಯೋ, ಯೋಚನೆಯಲ್ಲಿದ್ದೆ ಅತ್ತೆ."

ಯೋಚನೆ ಮಾಡುವವರು ಶಿಳ್ಳೆ ಹಾಕುವುದಿಲ್ಲ. ನನಗೆ ಅನುಮಾನ ಹುಟ್ಟಿತು. ಲ್ಯಾಬಿನವಳಿಗೆ ಅನುಮಾನ ಬಂದರೆ ಪ್ರಯೋಗ ಮಾಡಬೇಕು. ಬೂಟುಗಳ ಕಪಾಟಿನಲ್ಲಿ ಬಿಳಿ ಪಾಲಿಶ್ ಇತ್ತು. ಅದನ್ನು ಒಂದು ಚೆಂದದ ಪುಟ್ಟ ಬಟ್ಟಲಿಗೆ ಹಾಕಿ, ಸಂಜೆ ಅವನ ಮೂಗಿಗೆ ಹಿಡಿದೆ. "ನರ್ಸು ಕೊಟ್ಟ ಮುಖದ ಕ್ರೀಮು. ಗುಲಾಬಿಯಂತೆ. ಪರಿಮಳ ಜಾಸ್ತಿ ಆಯ್ತಾ, ನೋಡಿ ಹೇಳಿ."

ಪಿಯಾನೋದವನು ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡ. "ಆಹಾ! ಹದವಾಗಿದೆ. ತಾಜಾ ಗುಲಾಬಿ."

ನಾನು ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ದಿಂಬಿಗೆ ಮುಖ ಒತ್ತಿ ನಕ್ಕೆ. ಸೊಂಟದ ಮೊಳೆಯೂ ನಕ್ಕಿರಬೇಕು, ಅಷ್ಟು ನೋವಾಯಿತು. ಒಂಬತ್ತು ವರ್ಷಕ್ಕೆ ಅಳಿಯನ ಜುಟ್ಟು ಕೈಗೆ ಸಿಕ್ಕಿದೆ!

ನವೆಂಬರ್ 15, ಶನಿವಾರ

ಜುಟ್ಟು ಎಳೆದೆ. "ನಿನ್ನೆ ನೀವು ಮೂಸಿದ್ದು ಬೂಟ್ ಪಾಲಿಶ್" ಎಂದೆ.

ಮೊದಲು ನಕ್ಕ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತ. ಹೋದ ವರ್ಷ ಜ್ವರ ಬಂದಾಗ ಮೂಗು ಹೋಯಿತಂತೆ. ಡಾಕ್ಟರು ಮೂರು ತಿಂಗಳಲ್ಲಿ ಬರುತ್ತದೆ ಎಂದಿದ್ದರು, ಬರಲೇ ಇಲ್ಲ.

"ಬರಲಿಲ್ಲ ಅಂತ ನನ್ನ ಮಗಳಿಗೆ ಯಾಕೆ ಹೇಳಿಲ್ಲ?"

"ದಿನಾ ನನ್ನ ಮೂಗಿಗೆ ಏನಾದ್ರೂ ಹಿಡಿದು 'ಬಂತಾ, ಬಂತಾ' ಅಂತ ಕಣ್ಣೀರು ಹಾಕ್ತಿದ್ಲು ಅತ್ತೆ. ಒಂದು ದಿನ ತಡೀಲಾರದೆ 'ಬಂತು' ಅಂದ್ಬಿಟ್ಟೆ. ಅವಳು ಎಷ್ಟು ಕುಣಿದ್ಲು ಅಂದ್ರೆ, ಆ ಮಾತು ವಾಪಸ್ ತಗೊಳ್ಳೋಕೇ ಆಗ್ಲಿಲ್ಲ."

ನಾನು ತಯಾರಿ ಮಾಡಿಕೊಂಡಿದ್ದ ಚುಚ್ಚುಮಾತು ಬಾಯಲ್ಲೇ ಉಳಿಯಿತು. ಬಹಳ ಒಳ್ಳೆಯ ಮಾತಾಗಿತ್ತು, ದಂಡವಾಯಿತು.

"ಗ್ಯಾಸಿಗೆ ಸ್ವಂತ ವಾಸನೆ ಇರಲ್ಲ" ಎಂದೆ. "ಸೋರಿದ್ರೆ ಗೊತ್ತಾಗ್ಲಿ ಅಂತ ಕೊಳೆತ ಮೊಟ್ಟೆ ನಾತ ಬೇಕೂಂತ್ಲೇ ಬೆರೆಸಿರ್ತಾರೆ. ಆ ನಾತ ನಿಮಗೆ ಬರಲ್ಲ. ನೀವು ಆ ಪೈಪಿಗೆ ಕೈ ಹಚ್ಚಬಾರದು. ಫಿಟ್ಟರನ್ನ ಕರೆಸಿ. ಕರೆಸಿದ್ರೆ ನನ್ನ ಬಾಯಿಗೆ ಬೀಗ."

ಒಪ್ಪಿದ. ಕೈ ಕುಲುಕಿದೆವು. ಅವನ ಕೈ ಮರಳುಕಾಗದದ ಹಾಗಿದೆ.

ನವೆಂಬರ್ 19, ಬುಧವಾರ

ಫಿಟ್ಟರಿಗೆ ಪುರುಸೊತ್ತು ಸಿಗುವುದು ಡಿಸೆಂಬರ್ ಎರಡಕ್ಕಂತೆ. ಚಳಿಗಾಲದಲ್ಲಿ ಎಲ್ಲರಿಗೂ ಅವರೇ ಬೇಕು. ನನಗೆ ಕೆಮ್ಮು. ಇಪ್ಪತ್ತೆಂಟು ದಿನ ಬಾಕಿ.

ನವೆಂಬರ್ 21, ಶುಕ್ರವಾರ

ಕೆಮ್ಮು. ಪಿಯಾನೋದವನು ಗೋಡೆಯಾಚೆಯಿಂದ ನನ್ನ ಕೆಮ್ಮು ಎಣಿಸುತ್ತಾನೆ. "ನಿನ್ನೆ ನಲವತ್ತು, ಇವತ್ತು ಐವತ್ತೆರಡು" ಎಂದು ಮಗಳಿಗೆ ವರದಿ ಒಪ್ಪಿಸುತ್ತಿದ್ದ.

ನವೆಂಬರ್ 24, ಸೋಮವಾರ

ನಗಬೇಕೋ ಹೆದರಬೇಕೋ ಗೊತ್ತಾಗದ ದಿನ. ಕ್ರಮವಾಗಿ ಬರೆಯುತ್ತೇನೆ.

ಊಟವಾದ ಮೇಲೆ ಕೋಣೆಯಲ್ಲಿ ಮಲಗಿದ್ದೆ. ನಿದ್ದೆ ಕೆಡದಿರಲಿ ಎಂದು ಅವನೇ ಬಾಗಿಲು ಹಾಕಿದ್ದ. ಮೂರು ಗಂಟೆ ದಾಟಿರಬೇಕು, ಕನಸಿನಲ್ಲಿ ಲ್ಯಾಬಿನಲ್ಲಿದ್ದೆ, ಯಾವನೋ ಬರ್ನರ್ ತೆರೆದಿಟ್ಟು ಹೋಗಿದ್ದ. ಎಚ್ಚರವಾಯಿತು. ಕನಸು ಹೋಯಿತು, ವಾಸನೆ ಹೋಗಲಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಬರುತ್ತಿತ್ತು.

ಬಾಗಿಲು ತೆರೆದೆ. ಅವನು ಅಗ್ಗಿಷ್ಟಿಕೆಯ ಮುಂದೆ ಮಂಡಿಯೂರಿ ಕೂತಿದ್ದಾನೆ. ಗೋಡೆಯ ಪೈಪಿನಿಂದ ಒಂದು ರಬ್ಬರ್ ಕೊಳವೆ, ಕೀಲುಗಳಿಗೆಲ್ಲ ಬಿಳಿ ಟೇಪು. ಬೆರಳು ಹೊತ್ತಿಸುವ ಗುಂಡಿಯ ಮೇಲಿದೆ. ನಾತ ಕಣ್ಣಿಗೆ ಹೊಡೆಯುವಷ್ಟಿದೆ.

"ಒತ್ತಬೇಡ! ಕೈ ತೆಗಿ! ಏಳೋ ಮೇಲೆ!"

ಅವನು ಕೈ ಎತ್ತಿದ, ಪೊಲೀಸರು ಹಿಡಿದವನ ಹಾಗೆ ಎರಡೂ ಕೈ.

"ಗ್ಯಾಸು ಸೋರ್ತಿದೆ. ಲೈಟಿನ ಸ್ವಿಚ್ಚು ಮುಟ್ಟಬೇಡ. ಫೋನು ಮುಟ್ಟಬೇಡ. ಆಚೆ ನಡಿ."

"ನೀವು?"

"ನಾನು ಬರ್ತೀನಿ ನಿಧಾನಕ್ಕೆ…"

"ನಿಧಾನ ಯಾರಿಗೆ ಬೇಕು ಈಗ!"

ಎಂದವನೇ ಪಿಯಾನೋ ಸಾಗಿಸುವ ಗಾಲಿ ಹಲಗೆಯನ್ನು ಕಾಲಿನಿಂದ ಎಳೆದ, ನನ್ನನ್ನು ಅನಾಮತ್ತಾಗಿ ಎತ್ತಿ ಅದರ ಮೇಲೆ ಕೂರಿಸಿದ, ಮಡಿಲಿಗೆ ವಾಕರ್ ಇಟ್ಟ, ತಳ್ಳಿದ. ಮುಂಬಾಗಿಲಲ್ಲಿ ಪಿಯಾನೋಗಳಿಗೆಂದೇ ಇಳಿಜಾರು ಹಲಗೆ ಇದೆ. ಪಿಯಾನೋಗಳು ಅಲ್ಲಿ ನಿಧಾನವಾಗಿ ಇಳಿಯುತ್ತವೆ. ನಾನು ಹಾಗೆ ಇಳಿಯಲಿಲ್ಲ. ನೈಟಿ, ಎರಡು ಜೊತೆ ಕಾಲುಚೀಲ, ಕೈಗೊಂದು ಜೊತೆ, ಮಡಿಲಲ್ಲಿ ವಾಕರು, ಬಾಯಲ್ಲಿ "ಅಯ್ಯಯ್ಯಯ್ಯೋ!" ಬೀದಿಯ ಅಂಚಿಗೆ ಬಂದು ನಿಂತಿತು. ಅವನು ಸ್ಪ್ಯಾನರ್ ಹಿಡಿದು ಓಡಿ, ಹೊರಗೋಡೆಯ ಮೀಟರಿನ ವಾಲ್ವು ಬಂದ್ ಮಾಡಿ ಬಂದ. ನಾಲ್ಕು ಮನೆ ದೂರಕ್ಕೆ ನನ್ನನ್ನು ತಳ್ಳಿಕೊಂಡು ಹೋಗಿ ಅಲ್ಲಿಂದ ಗ್ಯಾಸಿನವರಿಗೆ ಫೋನ್ ಮಾಡಿದ.

ಆಗಲೇ ಬಂತು ಬಸ್ಸು. ಮನೆ ಮುಂದೆ ಎರಡು ಹಾರ್ನ್. ನಾಲ್ಕು ಮನೆ ಆಚೆ ಗಾಲಿ ಹಲಗೆಯ ಮೇಲೆ ಹೆತ್ತ ತಾಯಿ. ಗಕ್ಕನೆ ಬ್ರೇಕು! ಬಸ್ಸಿನ ತುಂಬ ಜನ, ಎಲ್ಲರೂ ಕಿಟಕಿಯಲ್ಲಿ. ಮಗಳು ಬಾಗಿಲು ತೆರೆದು, "ಅಮ್ಮಾ! ಏನಿದು!" ಎಂದಳು.

ನನಗೆ ನಗು ಒತ್ತರಿಸಿಕೊಂಡು ಬಂತು. ಅವನಿಗೂ ಬಂತು. ಅವನು ಮಂಡಿ ಹಿಡಿದುಕೊಂಡು ನಗುತ್ತಿದ್ದ, ಮತ್ತೆ ನೋಡಿದರೆ ಅಳುತ್ತಿದ್ದ.

"ನಾನೇ ಜೋಡಿಸು ಅಂದೆ ಕಣೆ, ಚಳಿ ಅಂತ" ಎಂದು ಸುಳ್ಳು ಬಿಟ್ಟೆ. ಯಾಕೆ ಬಿಟ್ಟೆನೋ.

"ಇಲ್ಲ" ಎಂದ ಅವನು. "ಅತ್ತೆ ಬೇಡ ಅಂದಿದ್ರು. ನನಗೆ ವಾಸನೆ ಬರಲ್ಲ. ಒಂದು ವರ್ಷದಿಂದ ಬಂದಿಲ್ಲ. ನಿನಗೆ ಸುಳ್ಳು ಹೇಳಿದೆ."

ಬಸ್ಸಿನವರಿಗೆಲ್ಲ ಕೇಳಿಸಿತು. ಮಗಳು ಬಾಗಿಲು ಹಾಕಿ ಬಸ್ಸು ಓಡಿಸಿಕೊಂಡು ಹೋದಳು. ಹೋಗಲೇಬೇಕಲ್ಲ, ಜನ ಕಾಯುತ್ತಿರುತ್ತಾರೆ.

ನವೆಂಬರ್ 25, ಮಂಗಳವಾರ

ಗ್ಯಾಸಿನವರು ಗ್ಯಾಸು ಬಂದ್ ಮಾಡಿ, ಮೀಟರಿಗೆ ಕೆಂಪು ಚೀಟಿ ಕಟ್ಟಿ ಹೋಗಿದ್ದಾರೆ. ಒಲೆಯಿಲ್ಲ, ಬಿಸಿನೀರಿಲ್ಲ. ಮಗಳು ಅವನ ಜೊತೆ ಮಾತಾಡುತ್ತಿಲ್ಲ. ನನ್ನ ಜೊತೆಯೂ ಇಲ್ಲ: "ನಿನಗೂ ಗೊತ್ತಿತ್ತು ಅಲ್ವಾ" ಎಂದಳು, ಅಷ್ಟೇ.

ನವೆಂಬರ್ 27, ಗುರುವಾರ

ಬ್ರೆಡ್ಡು. ಮತ್ತೆ ಬ್ರೆಡ್ಡು.

ಅವನು ಬಂದು ಬಾಗಿಲಲ್ಲಿ ನಿಂತ. "ಸಣ್ಣಗೆ 'ಸ್' ಅಂತ ಸದ್ದು ಕೇಳಿಸ್ತಾನೇ ಇತ್ತು ಅತ್ತೆ. ಪೈಪಿನಲ್ಲಿರೋ ಗಾಳಿ ಹೋಗ್ತಿದೆ ಅಂದ್ಕೊಂಡೆ. ನಿಮ್ಮ ಕೆಮ್ಮು ನಿಲ್ಲಲಿ ಅಂತ ಅವಸರ ಮಾಡಿದೆ."

"ಕೆಮ್ಮು ನಿಲ್ಲಿಸೋಕೆ ಮನೇನೇ ಹಾರಿಸ್ಬೇಕಾ?" ಎಂದೆ. "ಬಾ, ಕೂತ್ಕೋ. ಬ್ರೆಡ್ಡಿಗೆ ಜಾಮು ಹಚ್ಚು."

ಕೂತ. ಇಸ್ಪೀಟು ಆಡಿದೆವು. ಮೋಸ ಮಾಡುತ್ತಾನೆ, ಆದರೆ ನನ್ನಷ್ಟು ಚೆನ್ನಾಗಿಯಲ್ಲ.

ಡಿಸೆಂಬರ್ 2, ಮಂಗಳವಾರ

ಫಿಟ್ಟರ್ ಬಂದಳು! ಹೌದು, ಬಂದಳು. ಮೂವತ್ತೈದರ ಹೆಣ್ಣುಮಗಳು, ಗಟ್ಟಿ ಬೂಟು, ನನ್ನ ತೂಕದ ಉಪಕರಣದ ಚೀಲ. ಮಗಳು ರಜೆ ಹಾಕಿ, ಕೈಕಟ್ಟಿ, ಗೋಡೆಗೆ ಒರಗಿ ನಿಂತಿದ್ದಳು.

ಫಿಟ್ಟರ್ ಮೊದಲು ನಮ್ಮ ಅಳಿಯ ಹುಡುಗನ ಕೈಕೆಲಸ ನೋಡಿದಳು. ಬಿಳಿ ಟೇಪು ಎಳೆದು, "ಇದು ನೀರಿನ ನಲ್ಲಿಗೆ ಹಾಕೋದು. ಗ್ಯಾಸಿಗೆ ಬೇರೆ ಬರತ್ತೆ" ಎಂದಳು. ಕೊಳವೆ ಬಗ್ಗಿಸಿ ತೋರಿಸಿದಳು, ಮೈಯೆಲ್ಲ ಬಿರುಕು. "ಇದು ಹಳೇ ಒಲೆಯದು. ಯಾರು ಮಾಡಿದ್ದು?"

"ನಾನು" ಎಂದ, ಶಾಲೆಯಲ್ಲಿ ಎದ್ದು ನಿಂತವನ ಹಾಗೆ.

ಆಮೇಲೆ ಅವಳ ಕೆಲಸ ನೋಡಬೇಕಿತ್ತು! ಒಲೆ, ನೀರು ಕಾಯಿಸುವ ಯಂತ್ರ, ಅಗ್ಗಿಷ್ಟಿಕೆ, ಮೂರೂ ಒಟ್ಟಿಗೆ ಉರಿದರೆ ಎಷ್ಟು ಗ್ಯಾಸು ಬೇಕು ಎಂದು ಲೆಕ್ಕ ಹಾಕಿದಳು. ಗೋಡೆಯ ಹಳೆ ಪೈಪು ಅದಕ್ಕೆ ಸಾಲದು ಎಂದು ಮೀಟರಿನ ಬಳಿಯಿಂದಲೇ ದಪ್ಪನೆಯ ಹೊಸ ಪೈಪು ಎಳೆದಳು. ಅಗ್ಗಿಷ್ಟಿಕೆಯ ಪಕ್ಕ, ಕೈಗೆಟಕುವ ಕಡೆ, ಬಂದ್ ಮಾಡುವ ವಾಲ್ವು. ಪೈಪಿನಲ್ಲಿ ಬರುವ ಕಸ ಬಿದ್ದು ಕೂರಲು ಕೆಳಮುಖವಾಗಿ ಒಂದು ತುಂಡು ಪೈಪು. ನಾನು ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದೆ.

"ಅಮ್ಮ, ನೀವು ಎಲ್ಲಿ ಕೆಲಸ ಮಾಡ್ತಿದ್ರಿ?" ಎಂದಳು ಕೊನೆಗೆ.

"ಲ್ಯಾಬಲ್ಲಿ" ಎಂದು ಹುಡುಗನೇ ಉತ್ತರ ಕೊಟ್ಟ. "ಮೂವತ್ತೊಂದು ವರ್ಷ. ನಲವತ್ತೆಂಟು ಬರ್ನರ್." ಇಸ್ಪೀಟಿನ ನಡುವೆ ಹೇಳಿದ್ದನ್ನು ನೆನಪಿಟ್ಟಿದ್ದಾನೆ.

ಅಗ್ಗಿಷ್ಟಿಕೆಗೆ ಸೇರಿಸುವ ಮೊದಲು ಹೊಸ ಪೈಪಿಗೆ ಗಾಳಿ ತುಂಬಿ, ಮುಳ್ಳಿನ ಗಡಿಯಾರದಂಥ ಗೇಜು ಹಾಕಿದಳು. ಅರ್ಧ ಗಂಟೆ ಮುಳ್ಳು ಕದಲಕೂಡದು, ಕದಲಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ನಾವು ಮೂವರೂ ಅದರ ಮುಂದೆ ಉಸಿರು ಬಿಗಿಹಿಡಿದು ಕೂತೆವು. ಇಪ್ಪತ್ತು ನಿಮಿಷವಾದ ಮೇಲೆ ಮಗಳು, "ಕದಲ್ತಾ?" ಎಂದಳು. ಎಂಟು ದಿನದಲ್ಲಿ ಅವನ ಜೊತೆ ಆಡಿದ ಮೊದಲ ಮಾತು.

"ಇಲ್ಲ" ಎಂದ, ಬಹಳ ಮೆಲ್ಲಗೆ, ಮುಳ್ಳಿಗೆ ಎಲ್ಲಿ ಕೇಳಿಸುತ್ತದೋ ಎಂಬ ಹಾಗೆ.

ಕದಲಲಿಲ್ಲ. ಅಗ್ಗಿಷ್ಟಿಕೆಗೆ ಸೇರಿಸಿ ಗ್ಯಾಸು ಬಿಟ್ಟಳು. ಕೊನೆಯ ಕೀಲುಗಳಿಗೆ ಸಾಬೂನು ನೀರು ಬಳಿಯಬೇಕು. "ಬ್ರಶ್ಶು ನನಗೆ ಕೊಡಮ್ಮಾ" ಎಂದೆ. ಕೊಟ್ಟಳು! ನಾನು ಬಳಿಯುತ್ತಾ ಬಂದೆ. ಮೊದಲನೇ ಕೀಲು ಸುಮ್ಮನಿತ್ತು. ಎರಡನೆಯದೂ ಸುಮ್ಮನಿತ್ತು. ಮೂರನೆಯದಕ್ಕೆ ಬರುವಷ್ಟರಲ್ಲಿ ಹುಡುಗ, "ಅಲ್ಲೇ, ಅಲ್ಲೇ" ಎಂದು ಕಿವಿಗೊಟ್ಟ. ಒಂದು ಸಾಸಿವೆ ಗಾತ್ರದ ಗುಳ್ಳೆ ಎದ್ದಿತು. ಫಿಟ್ಟರ್ ಬಂದ್ ಮಾಡಿ, ಬಿಚ್ಚಿ, ಮತ್ತೆ ಜೋಡಿಸಿದಳು. ಮತ್ತೆ ಬಳಿದೆ. ಗುಳ್ಳೆಯಿಲ್ಲ.

"ನಿಮ್ಮಿಬ್ಬರನ್ನೂ ನಾನೇ ಕೆಲಸಕ್ಕೆ ಇಟ್ಕೊಳ್ತೀನಿ" ಎಂದಳು.

ಹೊಗೆ ಹೊರಹೋಗುವ ಕೊಳವೆ ನೋಡಿದಳು. ಗ್ಯಾಸು ಸೋರಿದರೆ ಕಿರುಚುವ ಒಂದು ಅಲಾರಂ ಹುಡುಗನಿಗಾಗಿ ಹಾಕಿದಳು. ಇನ್ನೊಂದು ಎಲ್ಲರಿಗಾಗಿ: ಗ್ಯಾಸು ಸರಿಯಾಗಿ ಉರಿಯದಿದ್ದರೆ ಹುಟ್ಟುವ ವಿಷಗಾಳಿಗೆ ವಾಸನೆಯೇ ಇಲ್ಲವಂತೆ, ಅದಕ್ಕೆ ಯಾರ ಮೂಗೂ ಸಾಲದು. ಕೊನೆಗೆ ಗುಂಡಿ ಒತ್ತಲು ಮಗಳನ್ನು ಕರೆದಳು. ಭಗ್! ನೀಲಿ, ಆಮೇಲೆ ಹಳದಿ. ಸುಳ್ಳು ಸೌದೆಯ ನಡುವೆ ನಿಜವಾದ ಬೆಂಕಿ. ನಾನು ಚಪ್ಪಾಳೆ ತಟ್ಟಿದೆ, ಕಾಲುಚೀಲದ ಕೈಯಲ್ಲಿ ಸದ್ದೇ ಬರಲಿಲ್ಲ.

"ಮೊದಲ ಸಲ ಬಣ್ಣ ಕಾದ ವಾಸನೆ ಬರತ್ತೆ, ಕಿಟಕಿ ತೆಗೆದಿಡಿ" ಎಂದು ಹೇಳಿ ಫಿಟ್ಟರ್ ಹೋದಳು.

"ಹೇಗಿದೆ ವಾಸನೆ?" ಎಂದ ಹುಡುಗ.

"ಬಿಸಿಲಿಗೆ ಬಿಟ್ಟ ತಗಡಿನ ಡಬ್ಬಿ ಥರ" ಎಂದೆ. "ಜೊತೆಗೆ ಹೊಸ ರಬ್ಬರ್ ಚಪ್ಪಲಿ."

ಮಗಳು ಬೆಂಕಿ ನೋಡುತ್ತಲೇ ಕೇಳಿದಳು, "ಹುಟ್ಟಿದ ಹಬ್ಬಕ್ಕೆ ನನಗೊಂದು ಸೆಂಟು ತಂದ್ಯಲ್ಲ. ಹೇಗೆ ಆರಿಸ್ದೆ?"

"ಬಾಟ್ಲಿ ಚೆನ್ನಾಗಿತ್ತು."

"ಫಿನಾಯಿಲ್ ಥರ ಇತ್ತು ಅದು! ನೀನು ಪ್ರೀತಿಯಿಂದ ಮೂಸಿ ತಂದಿದೀಯ ಅಂತ ದಿನಾ ಹಚ್ಕೊಂಡೆ. ಬಸ್ಸಲ್ಲಿ ಜನ ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂರ್ತಿದ್ರು!"

ಆಮೇಲೆ ಮೂವರೂ ನೆಲಕ್ಕೆ ಬಿದ್ದು ನಕ್ಕೆವು. ನಾನು ಬೀಳಕೂಡದು, ಕುರ್ಚಿಯಲ್ಲೇ ಬಿದ್ದೆ. ನಗು ನಿಂತ ಮೇಲೆ ಅವಳು ಅವನ ಕಿವಿ ಹಿಡಿದು, "ಇನ್ನೊಂದು ಸಲ ಏನಾದ್ರೂ ಮುಚ್ಚಿಟ್ರೆ…" ಎಂದಳು. ವಾಕ್ಯ ಮುಗಿಸದೆ ಅವನ ಭುಜಕ್ಕೆ ತಲೆಯಿಟ್ಟಳು. ನಾನು ಬೆಂಕಿ ನೋಡುತ್ತಾ ಕೂತೆ. ಕಾಲುಚೀಲ ಬಿಚ್ಚಿದೆ.

ಡಿಸೆಂಬರ್ 18, ಗುರುವಾರ

ಬಹಳ ದಿನದಿಂದ ಬರೆದಿಲ್ಲ, ಇಸ್ಪೀಟಿನ ಗಲಾಟೆ. ಇವತ್ತು ಡಾಕ್ಟರು ಎಕ್ಸ್-ರೇ ನೋಡಿ, ಇನ್ನು ಮೆಟ್ಟಿಲು ಹತ್ತಬಹುದು ಎಂದರು. ಒಳ್ಳೆಯದೇ ಆಯಿತು. ಹುಡುಗ ಸೋಮವಾರ ಸಂಗೀತ ಶಾಲೆಗೆ ಹೋಗುತ್ತಾನಂತೆ, ನನ್ನನ್ನೂ ಕರೆದಿದ್ದಾನೆ, ಅಲ್ಲಿಯ ಪಿಯಾನೋ ಮಹಡಿಯ ಮೇಲಿದೆ.

ಡಿಸೆಂಬರ್ 22, ಸೋಮವಾರ

ಎಂಥ ದಿನ! ಸಂಗೀತ ಶಾಲೆಯ ದೊಡ್ಡ ಕೋಣೆಯಲ್ಲಿ ಎರಡು ತಿಂಗಳಿನಿಂದ ಏನೋ ಕೆಟ್ಟ ವಾಸನೆಯಂತೆ. ಮಕ್ಕಳು ಮೂಗು ಹಿಡಿದುಕೊಂಡು ಒಂದೇ ಕೈಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. ಹುಡುಗ ಅದೇ ಪಿಯಾನೋಗೆ ಎರಡು ಸಲ ಶ್ರುತಿ ಮಾಡಿ ಏನೂ ತಿಳಿಯದೆ ಹೋಗಿದ್ದ! ನಾನು ಒಂದು ಸುತ್ತು ಬಂದು, ಬಗ್ಗಿ, ಪಿಯಾನೋದ ಕೆಳಹಲಗೆ ತೋರಿಸಿ, "ಇದನ್ನ ಬಿಚ್ಚು" ಎಂದೆ. ಸತ್ತ ಇಲಿ. ಉಣ್ಣೆ ಚೂರುಗಳ ಹಾಸಿಗೆಯ ಮೇಲೆ ರಾಜನ ಹಾಗೆ ಮಲಗಿತ್ತು.

ಶಾಲೆಯ ಹೆಡ್‌ಮೇಡಂ ಕರವಸ್ತ್ರದ ಒಳಗಿನಿಂದ, "ಇವರು ಯಾರು?" ಎಂದು ಕೇಳಿದರು.

"ನಮ್ಮ ಅತ್ತೆ. ನಾವಿಬ್ಬರೂ ಜೊತೆಗೇ ಕೆಲಸ ಮಾಡೋದು" ಎಂದ ಹುಡುಗ, ಹಲಗೆಗೆ ತಿರುಪು ಹಾಕುತ್ತಾ.

ಅವರಿಗೆ ಇನ್ನೂ ನಾಲ್ಕು ಪಿಯಾನೋ ಇವೆಯಂತೆ, ಹೊಸ ವರ್ಷದಲ್ಲಿ ಪ್ರತಿ ಶನಿವಾರ ಬರಲು ಆಗುತ್ತದೆಯೇ ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಿದ. ಮನೆಗೆ ಹೋಗಿ ಡೈರಿ ನೋಡಿ ಹೇಳುತ್ತೇನೆ ಎಂದು ಗತ್ತಿನಿಂದ ಹೇಳಿ ಬಂದೆ.

ಈಗ ನೋಡಿದೆ. ಶನಿವಾರಗಳೆಲ್ಲ ಖಾಲಿಯೇ ಇವೆ. ಹೋಗುತ್ತೇವೆ.